ಫ್ರಿಜ್ ಇಳಿಸುವವರ ಇನ್ನೊಂದು ಕೆಲಸ

ಬೆಳಗಿನ ಐದೂವರೆ. ನಮ್ಮ ದ್ವೀಪದ ಯೌಕೊ ಊರಿನ ಮಾರುಕಟ್ಟೆಯ ಹಿಂದಿರುವ, ಫ್ರಿಜ್ ಒಲೆ ಮಾರುವ ಅಂಗಡಿಯೊಂದರ ಗೋದಾಮಿನ ಕಬ್ಬಿಣದ ಬಾಗಿಲು ಅರ್ಧ ಮಾತ್ರ ಮೇಲೆದ್ದಿದೆ. ಅದರಡಿಯಿಂದ ಮೊದಲು ಒಂದು ಜೊತೆ ಸವೆದ ಬೂಟು ಹೊರಬರುತ್ತದೆ, ಹಿಂದೆಯೇ ನೂರಹತ್ತು ಕಿಲೋ ತೂಕದ ಒಂದು ಫ್ರಿಜ್. ಎರಡರ ನಡುವೆ ಸೊಂಟಕ್ಕೆ ಅಗಲದ ಪಟ್ಟಿ ಬಿಗಿದುಕೊಂಡ ಸಣಕಲು ಆಳು ಸೆಫೆರೀನೊ ವೆಲೆಸ್. ವಯಸ್ಸು ಅರವತ್ತೊಂದು.

ಲಾರಿಯ ಚಾಲಕ ಚೆಗಿ ಮೇಲೆ ನಿಂತು ಪಟ್ಟಿ ಎಳೆಯುತ್ತಾ ರೇಗಿಸುತ್ತಾನೆ. "ನಿಧಾನ ಮುದುಕಪ್ಪಾ! ಫ್ರಿಜ್ಜಿಗೆ ಐದು ವರ್ಷ ವಾರಂಟಿ ಇದೆ, ನಿನ್ನ ಬೆನ್ನಿಗಿಲ್ಲ."

"ನಿನ್ನ ಬಾಯಿಗೂ ಇಲ್ಲ. ಕಂಪ್ರೆಸರ್ ಥರ ಹಗಲೆಲ್ಲಾ ಗುಂಯ್ ಅಂತಾನೇ ಇರುತ್ತೆ" ಎನ್ನುತ್ತಾರೆ ಸೆಫೆರೀನೊ, ಉಸಿರು ಕೂಡ ಬದಲಿಸದೆ.

ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ದಿನಕ್ಕೆ ಆರು, ಡಿಸೆಂಬರಿನಲ್ಲಿ ಒಂಬತ್ತು ಮನೆ. ಗಂಟೆಗೆ ಹನ್ನೊಂದು ಡಾಲರ್ ಕೂಲಿ. ನಮ್ಮ ಕಡೆ ಕರೆಂಟು ಹೋಗುವುದಕ್ಕಿಂತ ಅದು ವಾಪಸ್ಸು ಬರುವುದೇ ಹೆಚ್ಚು ಭಯ. ಬಂದ ರಭಸಕ್ಕೆ ಪ್ರತಿ ಸಲ ಯಾರದೋ ಮನೆಯ ಫ್ರಿಜ್ ಸುಟ್ಟುಹೋಗುತ್ತದೆ. ಹಾಗಾಗಿ ಸೆಫೆರೀನೊ ಹತ್ತದ ಗುಡ್ಡ ಇಲ್ಲ, ನೋಡದ ಅಡುಗೆಮನೆ ಇಲ್ಲ. ಬಲ ಮೊಣಕಾಲು ಎರಡು ಸಲ ಕೊಯ್ಯಿಸಿಕೊಂಡಿದೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು.

ಅಂಗಡಿಯ ಹೆಸರು ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ನಿಮ್ಮ ಹೆಸರು ಬರೆದರೆ ಮ್ಯಾನೇಜರಿಗೆ ಗೊತ್ತಾಗುವುದಿಲ್ಲವೇ ಎಂದರೆ ನಗುತ್ತಾರೆ. "ಅವರು ಪೇಪರಲ್ಲಿ ನೋಡೋದು ನಮ್ಮ ಜಾಹೀರಾತು ನೆಟ್ಟಗೆ ಬಿದ್ದಿದೆಯೋ ಇಲ್ವೋ ಅಂತ ಅಷ್ಟೇ. ನೀವು ಬರೆಯೋ ಪುಟ ಯಾರು ತಿರುಗಿಸ್ತಾರೆ, ಬಿಡಿ." ಇಂಥ ಮಾತು ಕೇಳಿಯೂ ಈ ಲೇಖನ ಬರೆಯುತ್ತಿದ್ದೇನೆಂದರೆ ನನಗೆ ಅವರ ಮೇಲೆ ಎಷ್ಟು ಪ್ರೀತಿ ಇರಬೇಕು ನೀವೇ ಲೆಕ್ಕ ಹಾಕಿ.

ಬರೆಯಬೇಕಾದದ್ದು ಅವರು ಹೊರುವ ಭಾರದ ಬಗ್ಗೆ ಅಲ್ಲ, ಇಳಿಸಿದ ಮೇಲೆ ಮಾಡುವ ಕೆಲಸದ ಬಗ್ಗೆ.

ಫ್ರಿಜ್ ಮನೆ ಸೇರಿದ ಕೂಡಲೇ ಪ್ಲಗ್ ಹಾಕಬಾರದು. ಗುಡ್ಡದ ದಾರಿಯಲ್ಲಿ ಅಲುಗಾಡಿ ಬಂದ ಕಂಪ್ರೆಸರಿನ ಎಣ್ಣೆ ಕೆಳಗಿಳಿದು ಕೂರಲಿ ಎಂದು ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು. ಆ ಹೊತ್ತಿನಲ್ಲಿ ಸೆಫೆರೀನೊ ಮನೆಯವರನ್ನು ಕೇಳುತ್ತಾರೆ, "ಅಂಗಡಿಯಲ್ಲಿ ಕೊಟ್ಟ ಕಾಗದ ತನ್ನಿ, ನೋಡೋಣ." ಸಣ್ಣ ಅಕ್ಷರದ ಹಾಳೆ. ಜನ ಅದನ್ನು ಪಾತ್ರೆ ಕಪಾಟಿನಲ್ಲಿ ಮಡಚಿಟ್ಟಿರುತ್ತಾರೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೇ ವಿಷಯ ಹುಡುಕುತ್ತಾರೆ: ಒಟ್ಟು ಎಷ್ಟು, ಯಾವ ತಾರೀಖಿನೊಳಗೆ.

"ಹನ್ನೆರಡು ತಿಂಗಳು ಬಡ್ಡಿ ಇಲ್ಲ ಅಂತ ದೊಡ್ಡದಾಗಿ ಬರೆದಿರ್ತಾರೆ. ಸುಳ್ಳಲ್ಲ ಅದು" ಎಂದು ಈ ಯೋಜನೆಯನ್ನು ಅವರು ನನಗೆ ವಿವರಿಸುತ್ತಾರೆ. "ಆದ್ರೆ ಬಡ್ಡಿ ಮೊದಲ್ನೇ ದಿನದಿಂದ್ಲೇ ಪಕ್ಕದಲ್ಲಿ ಬೆಳೀತಾ ಕೂತಿರುತ್ತೆ, ಮಾತಾಡಲ್ಲ. ಗಡುವಿನೊಳಗೆ ಪೂರ್ತಿ ತೀರಿಸಿದ್ರೆ ತಾನಾಗೇ ಎದ್ದು ಹೋಗುತ್ತೆ. ಐದೇ ಡಾಲರ್ ಉಳಿಸ್ಕೊಂಡ್ರೂ ಅಷ್ಟೇ, ಇಡೀ ವರ್ಷದ ಬಡ್ಡಿ ಒಟ್ಟಿಗೆ ಬಂದು ತಲೆ ಮೇಲೆ ಕೂರುತ್ತೆ. ಅದೂ ನೂರಕ್ಕೆ ಮೂವತ್ತರ ಲೆಕ್ಕದಲ್ಲಿ. ಬಿಲ್ಲಿನಲ್ಲಿ ಕನಿಷ್ಠ ಕಂತು ನಲವತ್ತು ಅಂತ ಹಾಕಿರ್ತಾರೆ ನೋಡಿ, ಪಾಪ, ಜನ ಅಷ್ಟನ್ನೇ ನಿಯತ್ತಾಗಿ ಕಟ್ತಾ ಹೋಗ್ತಾರೆ. ವರ್ಷ ಮುಗಿದ್ರೂ ಅರ್ಧ ತೀರಿರಲ್ಲ."

ನಾನೂ ಹಾಗೆ ನಿಯತ್ತಾಗಿ ಕಟ್ಟಿ ಕೆಟ್ಟವನೇ. ನನ್ನ ಮನೆಯ ಟಿವಿ ಪಕ್ಕದ ಮನೆಯವರ ಅಂಥದ್ದೇ ಟಿವಿಗಿಂತ ಇನ್ನೂರೈವತ್ತು ಡಾಲರ್ ದುಬಾರಿ. ಚಿತ್ರ ಮಾತ್ರ ಒಂದೇ ಥರ ಬರುತ್ತದೆ.

ಇದೆಲ್ಲ ಎಲ್ಲ ಕಡೆಯೂ ಇರುವ ಉಪದ್ರವ ಇರಬಹುದು. ನಮ್ಮವರು ಮಾಡುವ ಒಂದು ತಪ್ಪು ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಬೋನಸ್ ಬರುತ್ತದೆ, ಆಗ ಹೊಸ ಸಾಮಾನು ಕೊಳ್ಳುತ್ತೇವೆ. ಆದರೆ ನಮಗೆ ವರ್ಷ ಮುಗಿಯುವುದು ಜನವರಿ ಆರಕ್ಕೆ, ನಕ್ಷತ್ರ ಹಿಂಬಾಲಿಸಿ ಕ್ರಿಸ್ಮಸ್ ಶಿಶುವನ್ನು ನೋಡಲು ಬಂದ ಮೂರು ರಾಜರ ಹಬ್ಬಕ್ಕೆ. ಅಲ್ಲಿಯವರೆಗೂ ಕ್ರಿಸ್ಮಸ್ಸೇ. "ಹೋದ ಹಬ್ಬಕ್ಕೆ ತಂದೆ, ಈ ಹಬ್ಬಕ್ಕೆ ತೀರಿಸಿದೆ" ಎಂದು ರಾಜರ ಹಬ್ಬದ ಮಾರನೆಯ ದಿನ ಎದೆಯುಬ್ಬಿಸಿ ಅಂಗಡಿಗೆ ಹೋಗುತ್ತೇವೆ. ಕಾಗದದ ಗಡುವು ಅಷ್ಟರಲ್ಲಿ ಮುಗಿದು ಮೂರು ವಾರ ಆಗಿರುತ್ತದೆ. ಸೆಫೆರೀನೊ ಅವರೇ ತಾಯಿಗೆ ಗ್ಯಾಸ್ ಒಲೆ ಕೊಡಿಸಿ ಹೀಗೆ ಸಿಕ್ಕಿಬಿದ್ದವರು. ಕೊನೆಯ ಕಂತನ್ನು ಅಮ್ಮನಿಗೆ ರಾಜರ ಹಬ್ಬದ ಉಡುಗೊರೆ ಮಾಡಬೇಕೆಂದು ಬೇಕಂತಲೇ ತಡೆದಿದ್ದರು! ಅಂಗಡಿಯಲ್ಲೇ ಕೆಲಸ, ಒಲೆ ಹೊತ್ತು ತಂದದ್ದೂ ತಾವೇ, ಆದರೂ ಕಾಗದ ಓದಿರಲಿಲ್ಲ. "ಅಮ್ಮ ಬೈಲಿಲ್ಲ. 'ಒಲೆ ಒಂದೇ, ಕೊಂಡ್ಕೊಂಡಿದ್ದು ಒಂದೂಕಾಲು' ಅಂದ್ಲು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ತು" ಎನ್ನುತ್ತಾರೆ.

ಆಮೇಲೆ ಶುರುವಾದದ್ದು ಈ ಪದ್ಧತಿ. ಒಟ್ಟು ಮೊತ್ತವನ್ನು ಹನ್ನೊಂದರಿಂದ ಭಾಗಿಸಿ, ತಿಂಗಳಿಗೆ ಇಷ್ಟು ಕಟ್ಟಿ ಎಂದು ಬಾಯಲ್ಲೇ ಹೇಳುತ್ತಾರೆ. ಗಡುವನ್ನು ಮಾತ್ರ ಮೇಣದ ಪೆನ್ಸಿಲಿನಿಂದ ಫ್ರಿಜ್ಜಿನ ಬದಿಗೆ ಬರೆಯುತ್ತಾರೆ. ಮೊದಲು ತಾರೀಖು ಬರೆಯುತ್ತಿದ್ದರು. ಯಾರೋ ಹೋಗಿ ಚಾಡಿ ಹೇಳಿದರು. ಮ್ಯಾನೇಜರ್ ಕರೆಸಿ, "ನಿನ್ನ ಕೆಲಸ ಫ್ರಿಜ್ ಇಳಿಸೋದು, ಪಾಠ ಹೇಳೋದಲ್ಲ. ಇನ್ನೊಂದು ಸಲ ಗೊತ್ತಾದ್ರೆ ಮನೆಗೆ ಹೋಗ್ತೀಯ" ಎಂದರು. ಅಂದಿನಿಂದ ತಾರೀಖು ಬಿಟ್ಟು ಹೆಸರು ಬರೆಯುತ್ತಾರೆ. ಆ ಗಡುವಿನ ಆಸುಪಾಸು ಯಾರ ಹುಟ್ಟುಹಬ್ಬ, ಯಾವ ಸಂತನ ದಿನ, ಯಾರು ತೀರಿಕೊಂಡ ದಿನ ಎಂದು ಮನೆಯವರನ್ನೇ ಕೇಳಿ, 'ಲುಸೀಯಳಿಗಿಂತ ಮೊದಲು', 'ಅಜ್ಜನ ತಿಥಿಗೆ ಮೊದಲು' ಎಂದು ಗೀಚುತ್ತಾರೆ. "ಯಾರಾದ್ರೂ ಕೇಳಿದ್ರೆ ಮನೆಯವರ ಹೆಸರು ಬರೆದಿದೀನಿ ಅಂದ್ರಾಯ್ತು. ಅದೂ ಅಲ್ದೆ, ನಮ್ಮ ಜನಕ್ಕೆ ನಂಬರ್ ಮರೆತುಹೋಗುತ್ತೆ, ಅಜ್ಜಿ ಹುಟ್ಟುಹಬ್ಬ ಮರೆಯಲ್ಲ."

ನಾನು ಲಾರಿಯಲ್ಲಿ ಹೋದದ್ದು ಡಿಸೆಂಬರ್ ಒಂಬತ್ತರಂದು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮೇಲೊಂದು ಒಲೆ ಇಳಿಸಿ ವಾಪಸ್ಸು ಬರುವಾಗ ಸೆಫೆರೀನೊ ಒಮ್ಮೆಲೇ, "ಚೆಗಿ, ನಿಲ್ಸು. ನೀಲಿ ಮನೆ" ಎನ್ನುತ್ತಾರೆ. ಹೋದ ವರ್ಷ ಅಲ್ಲೊಂದು ಫ್ರಿಜ್ ಇಳಿಸಿದ್ದು ಅವರಿಗೆ ನೆನಪಿದೆ.

ಅದು ದೋನ್ಯಾ ಪ್ರೊವಿ, ಅಂದರೆ ಪ್ರೊವಿಯಮ್ಮನವರ ಮನೆ. ಅರವತ್ತೆಂಟರ ಹೆಂಗಸು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ, ಡಿಸೆಂಬರಿನಲ್ಲಿ ಹೊಲಿಗೆ ಇಲ್ಲದಾಗ ಪಾಸ್ತೆಲೆಸ್ ಎಂಬ ಹಬ್ಬದ ಕಡುಬು ಮಾಡಿ ಮಾರುತ್ತಾರೆ. ಅಂಗಳದಲ್ಲಿ ಬಾಳೆಕಾಯಿ ರಾಶಿ. ಮಗಳು ಎಲೆ ಬಾಡಿಸುತ್ತಿದ್ದಾಳೆ. ದೋನ್ಯಾ ಪ್ರೊವಿ ರುಬ್ಬಿದ ಹಿಟ್ಟಿನೊಳಗೆ ಹಂದಿಮಾಂಸ ಇಟ್ಟು, ಎಲೆ ಮಡಚಿ, ಎರಡೆರಡನ್ನು ಜೋಡಿಸಿ ದಾರ ಕಟ್ಟುತ್ತಿದ್ದಾರೆ. ಸೆಫೆರೀನೊ ನೇರ ಫ್ರಿಜ್ಜಿನ ಬದಿಗೆ ಹೋಗಿ ನೋಡಿದರೆ ಅದು ಕನ್ನಡಿಯಂತೆ ಹೊಳೆಯುತ್ತಿದೆ.

"ಇಲ್ಲಿ ಬರೆದಿದ್ದು ಎಲ್ಲಿ ದೋನ್ಯಾ?"

"ಆ ಕೊಳೆನಾ? ಹೋದ ತಿಂಗಳು ಹಬ್ಬಕ್ಕೆ ಅಂತ ಉಜ್ಜಿ ತೆಗೆದೆ. ಮೂರು ದಿನ ಬೇಕಾಯ್ತು ಮಾರಾಯಾ, ಏನು ಹಚ್ಚಿದ್ಯೋ!"

"'ಬೆಳಗಿನ ಹಾಡಿನ ಪೂಜೆ ಶುರುವಾಗೋಕೆ ಮೊದಲು' ಅಂತ ಬರೆದಿದ್ದೆ. ಚರ್ಚಲ್ಲಿ ಆ ಪೂಜೆ ಹದಿನಾರಕ್ಕೆ ಶುರು, ಕ್ರಿಸ್ಮಸ್ ತನಕ. ನಿಮ್ಮ ಗಡುವು ಹತ್ತೊಂಬತ್ತು. ಎಷ್ಟು ಬಾಕಿ?"

"ಇನ್ನೇನು, ನೂರೈವತ್ತು. ಸಾವಿರದಿನ್ನೂರೈವತ್ತರಲ್ಲಿ ತಿಂಗಳಿಗೆ ನೂರರಂತೆ ಒಂದೂ ತಪ್ಪಿಸದೆ ಕಟ್ಟಿದೀನಿ. ರಾಜರ ಹಬ್ಬ ಮುಗಿಸ್ಕೊಂಡು ಪೂರ್ತಿ ಬಿಸಾಕ್ತೀನಿ ಅವರ ಮುಖಕ್ಕೆ."

ಸೆಫೆರೀನೊ ಬಾಗಿಲಿಗೆ ಒರಗಿ, ಹೋದ ವರ್ಷ ಹೇಳಿದ್ದನ್ನೇ ಮತ್ತೆ ನಿಧಾನವಾಗಿ ಹೇಳುತ್ತಾರೆ. ಹತ್ತೊಂಬತ್ತು ದಾಟಿದರೆ ನೂರೈವತ್ತರ ಮೇಲೆ ಇನ್ನೂರಹತ್ತು ಬಡ್ಡಿ ಬೀಳುತ್ತದೆ. ದೋನ್ಯಾ ಪ್ರೊವಿ ಕೈಯಲ್ಲಿದ್ದ ದಾರ ಬಿಟ್ಟು ಕೂರುತ್ತಾರೆ. ಮಗಳು ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತರುತ್ತಾಳೆ. ಅದರಲ್ಲಿ ದುಡ್ಡಿದೆ.

"ಮುಚ್ಚು ಅದನ್ನ!" ಎಂದು ತಾಯಿ ಗದರುತ್ತಾರೆ. "ಅದು ರಾಜರದ್ದು."

ಆ ದುಡ್ಡಿನ ಕಥೆ ಇಷ್ಟು. ಈ ಮಗಳು ದಿನ ತುಂಬದೆ ಅಂಗೈಯಷ್ಟಾಗಿ ಹುಟ್ಟಿದಾಗ, ಉಳಿದರೆ ವರ್ಷ ವರ್ಷವೂ ಹಬ್ಬದ ಹಿಂದಿನ ದಿನ ಮನೆಗೆ ಬಂದವರಿಗೆಲ್ಲ ಊಟ ಹಾಕಿ ರಾಜರ ಮೂರ್ತಿಗಳ ಮುಂದೆ ಹಾಡಿಸುತ್ತೇವೆ ಎಂದು ಗಂಡಹೆಂಡತಿ ಹರಕೆ ಹೊತ್ತಿದ್ದರು. ಮಗಳಿಗೀಗ ಮೂವತ್ತೊಂದು. ಗಂಡ ತೀರಿಕೊಂಡ ವರ್ಷವೂ ಹರಕೆ ನಿಂತಿಲ್ಲ. ಹಂದಿಗೆ, ಅಕ್ಕಿಗೆ, ಹಾಡುಗಾರರಿಗೆ ಎಂದು ಕೂಡಿಟ್ಟ ಆ ಡಬ್ಬಿಗೆ ಕೈ ಹಾಕುವುದೆಂದರೆ ಅವರ ಪಾಲಿಗೆ ಮಗಳ ಆಯಸ್ಸಿಗೆ ಕೈ ಹಾಕಿದ ಹಾಗೆ.

"ಪಾಸ್ತೆಲೆಸ್ ದುಡ್ಡು ಬರುತ್ತಲ್ಲಮ್ಮಾ" ಎನ್ನುತ್ತಾಳೆ ಮಗಳು. ಇಪ್ಪತ್ತು ಡಜನ್ ಹೇಳಿಟ್ಟಿದ್ದಾರೆ, ಡಜನ್ನಿಗೆ ಮೂವತ್ತು ಡಾಲರ್. ಆದರೆ ಜನ ದುಡ್ಡು ಕೊಡುವುದು ಇಪ್ಪತ್ಮೂರಕ್ಕೆ, ಗಂಟು ಕೈಗೆ ಬಂದ ಮೇಲೆ. ಅದು ರೂಢಿ.

"ಮುಂಗಡ ಕೇಳಿ" ಎನ್ನುತ್ತಾರೆ ಸೆಫೆರೀನೊ.

"ನಾನಾ? ಮುಂಗಡ? ಪ್ರೊವಿ ಕೈ ಅಷ್ಟು ಬಿಗಿ ಆಯ್ತಾ ಅಂತ ಊರೆಲ್ಲಾ ಆಡ್ಕೊಳ್ಳುತ್ತೆ. ಸತ್ರೂ ಕೇಳಲ್ಲ."

"ನೀವು ಕೇಳ್ಬೇಡಿ. ಹೊಸದಾಗಿ ಐದು ಡಜನ್ ಮಾಡಿ. ನಾನು ಕೇಳ್ತೀನಿ. ನನಗೆ ಮಾನ ಮರ್ಯಾದೆ ಯಾವತ್ತೂ ಇರ್ಲಿಲ್ಲ, ಬೇಕಾದ್ರೆ ಇವನನ್ನ ಕೇಳಿ."

"ಇಲ್ವೇ ಇಲ್ಲ" ಎಂದು ಚೆಗಿ ಬಾಗಿಲಿನಿಂದಲೇ ಸಾಕ್ಷಿ ಹೇಳುತ್ತಾನೆ.

ಮೊದಲ ಡಜನ್ನಿಗೆ ಸೆಫೆರೀನೊ ಅಲ್ಲೇ ಜೇಬಿನಿಂದ ಮೂವತ್ತು ತೆಗೆಯುತ್ತಾರೆ, ವೈದ್ಯರು ಹಂದಿಮಾಂಸ ಮುಟ್ಟಬೇಡ ಎಂದಿದ್ದರೂ. ಎರಡನೆಯದು ಚೆಗಿಯದು, ಮೂರನೆಯದು ನನ್ನದು. ನಾಲ್ಕನೆಯದಕ್ಕೆ ಆರು ದಿನ ಹಿಡಿಯುತ್ತದೆ. ಪ್ರತಿ ಮನೆಯಲ್ಲೂ ಸೆಫೆರೀನೊ ಸಾಮಾನು ಇಳಿಸಿ, ಕಾಗದ ಓದಿ, ಆಮೇಲೆ ಪಾಸ್ತೆಲೆಸ್ ಮಾತೆತ್ತುತ್ತಾರೆ. ಎಲ್ಲರೂ ಬೇಕು ಎನ್ನುತ್ತಾರೆ, ದುಡ್ಡು ಈಗಲೇ ಎಂದ ಕೂಡಲೇ ಅತ್ತಿತ್ತ ನೋಡುತ್ತಾರೆ. ಕೊನೆಗೆ ಹೊಸ ಒಲೆ ತರಿಸಿದ ಒಬ್ಬ ಮೇಷ್ಟರು ಕೊಡುತ್ತಾರೆ. ಹದಿನೆಂಟಕ್ಕೂ ಒಂದು ಡಜನ್ ಉಳಿದೇ ಇದೆ. ಗೋದಾಮಿನಲ್ಲಿ ಇನ್ನು ಯಾರನ್ನು ಕೇಳುವುದೆಂದು ತೋಚದೆ ನಿಂತವರು ನೇರ ಮ್ಯಾನೇಜರ್ ಕೋಣೆಗೇ ಹೋಗುತ್ತಾರೆ. ಚೆಗಿ ಮತ್ತು ಆ ದಿನ ಮತ್ತೆ ಬಂದಿದ್ದ ನಾನು ಹೊರಗೆ ಉಸಿರು ಹಿಡಿದು ನಿಲ್ಲುತ್ತೇವೆ.

"ದೋನ್ಯಾ ಪ್ರೊವಿ ಮಾಡೋ ಪಾಸ್ತೆಲೆಸ್ಸಾ? ನಮ್ಮತ್ತೆ ಪ್ರಾಣ ಬಿಡ್ತಾಳೆ. ಒಂದು ಡಜನ್ ಹೇಳು, ಹಬ್ಬ ಮುಗಿದ ಮೇಲೆ ಕೊಡ್ತೀನಿ."

"ಇಲ್ಲ ಸಾರ್. ಅವರು ಕಂತು ಗಿಂತು ಇಟ್ಕೊಂಡಿಲ್ಲ. ಮೊದಲು ದುಡ್ಡು."

ಮ್ಯಾನೇಜರ್ ಗೊಣಗುತ್ತಾ ಮೂರು ಹತ್ತರ ನೋಟು ಎಣಿಸಿದ ಸದ್ದು ನಮಗೆ ಕೇಳುತ್ತದೆ. ಚೆಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಲಾರಿಯ ಹಿಂದೆ ಓಡುತ್ತಾನೆ.

ಹತ್ತೊಂಬತ್ತರ ಬೆಳಿಗ್ಗೆ ಪೂಜೆ ಮುಗಿಸಿ, ಚರ್ಚಿನ ಉಡುಪಿನಲ್ಲೇ ದೋನ್ಯಾ ಪ್ರೊವಿ ಅಂಗಡಿಗೆ ಇಳಿದು ಬರುತ್ತಾರೆ. ನೂರೈವತ್ತು ಡಾಲರನ್ನು ಗಲ್ಲಾದ ಮೇಲೆ ಹರಡುತ್ತಾರೆ. ಮ್ಯಾನೇಜರ್ ಕೊಟ್ಟ ಮೂರು ನೋಟುಗಳು ಅವರದೇ ಗಲ್ಲಾಪೆಟ್ಟಿಗೆಗೆ ವಾಪಸ್ಸು ಬೀಳುತ್ತವೆ. ಬಾಕಿ ಸೊನ್ನೆ ಎಂದು ಮುದ್ರೆ ಬೀಳುವವರೆಗೂ ಅವರು ಕದಲುವುದಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಹಲ್ಲು ಬಿಡುತ್ತಾ ಹೊರಬರುತ್ತಾರೆ.

"ದೋನ್ಯಾ, ಹೊಸ ವಾಷಿಂಗ್ ಮೆಷಿನ್ ಬಂದಿದೆ. ನಿಮ್ಮಂಥ ಒಳ್ಳೆ ಗಿರಾಕಿಗೆ ಹದಿನೆಂಟು ತಿಂಗಳು ಬಡ್ಡಿ ಇಲ್ಲ."

"ನನ್ನ ಕೈ ಇನ್ನೂ ಗಟ್ಟಿ ಇದೆ ಕಣಪ್ಪಾ, ಕಲ್ಲಿನ ಮೇಲೆ ಒಗೀತೀನಿ. ನಿಮ್ಮತ್ತೆಗೆ ಇನ್ನೊಂದು ಡಜನ್ ಬೇಕಿದ್ರೆ ಹೇಳು" ಎಂದು ಅವರು ರಸೀದಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಳ್ಳುತ್ತಾರೆ. ಹೊರಡುವಾಗ ಗೋದಾಮಿನ ಬಾಗಿಲ ಬಳಿ ನಿಂತು, "ಐದನೇ ತಾರೀಖು ಸಂಜೆ ಹರಕೆ ಊಟಕ್ಕೆ ಬರ್ಬೇಕು. ಲಾರಿ ಬೇಡ, ನೀನು ಬಾ" ಎಂದು ಸೆಫೆರೀನೊಗೆ ಹೇಳಿ ಹೋಗುತ್ತಾರೆ.

ಸೆಫೆರೀನೊ ಮುಂದಿನ ಫ್ರಿಜ್ಜಿಗೆ ಪಟ್ಟಿ ಬಿಗಿಯಲು ಬಾಗುತ್ತಾರೆ. ಪಟ್ಟಿ ಬಿಗಿಯುತ್ತಲೇ, ನಾನು ಕೇಳದಿದ್ದರೂ, ನನ್ನ ಕಡೆ ನೋಡದೆಯೇ ಹೇಳುತ್ತಾರೆ.

"ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಸಾವಿರ ಮನೆಗೆ ಹೋಗಿದೀನಿ. ಎಲ್ಲಾ ಕಡೆ ಹಿತ್ತಲ ಬಾಗಿಲಿಂದ್ಲೇ, ಬೆನ್ನು ಬಗ್ಗಿಸ್ಕೊಂಡು. ಫ್ರಿಜ್ ಹೋಗೋದೇ ಅಲ್ಲಿಂದ ಅಲ್ವಾ. ಈ ಸಲ ಒಂದು ಮನೆಗೆ ಮುಂದಿನ ಬಾಗಿಲಿಂದ ಹೋಗ್ಬೇಕು. ಬರೀ ಕೈ ಬೀಸ್ಕೊಂಡು."