ರೋವೀನಾ ಬರೆದ ಹನ್ನೊಂದು ಪುಸ್ತಕ

ಹೆಸ್ಸಲ್ ಊರಿನಲ್ಲಿ ನನ್ನ ಪಕ್ಕದ ಮನೆಯವಳು ರೋವೀನಾ ಸ್ಟಾಥರ್ಸ್. ಶಾಲೆಯ ಅಡುಗೆಮನೆಯಲ್ಲಿ ಅರ್ಧ ದಿನದ ಕೆಲಸ. ಮದುವೆ ಮುರಿದು ಇಪ್ಪತ್ತು ವರ್ಷವಾಗಿತ್ತು. ಅವಳ ಅಪ್ಪ ಕ್ಲಿಫರ್ಡ್, ಹಂಬರ್ ನದಿಯ ಮರಳುದಿಬ್ಬ ತಪ್ಪಿಸಿ ಹಡಗುಗಳನ್ನು ಬಂದರಿಗೆ ಮುಟ್ಟಿಸುತ್ತಿದ್ದ ಪೈಲಟ್. ಗಟ್ಟಿ ಪೆನ್ಷನ್, ನದಿ ಕಾಣುವ ದೊಡ್ಡ ಮನೆ, ಅದಕ್ಕಿಂತ ದೊಡ್ಡ ಗಂಟಲು.

ಹೆಂಡತಿ ಸತ್ತ ವರ್ಷ ಅವನು ಮಗಳನ್ನು ಕೂರಿಸಿಕೊಂಡು ಹೇಳಿದ: "ನಾನು ಸತ್ಮೇಲೆ ಸರ್ಕಾರ ಆಸ್ತೀಲಿ ಪಾಲು ಕೇಳುತ್ತೆ, ರೋ. ಸಾಯೋಕೆ ಮುಂಚೆ ಏಳು ವರ್ಷದಲ್ಲಿ ಯಾರಿಗೆ ಏನು ಕೊಟ್ರೂ ಅದನ್ನೂ ಎಳ್ಕೊಳ್ತಾರೆ. ಆದ್ರೆ ಪೆನ್ಷನ್ನಲ್ಲಿ ಖರ್ಚು ಕಳೆದು ಉಳಿದಿದ್ದನ್ನ ತಿಂಗಳು ತಿಂಗಳು ಕೊಡ್ತಿದ್ರೆ ಬಿಟ್ಬಿಡ್ತಾರೆ. ಪುರಾವೆ ಬೇಕು ಅಷ್ಟೆ. ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ."

ಉಳಿದದ್ದು ಹೋಗುತ್ತಿದ್ದುದು ತಮ್ಮ ಡೆಸ್ಮಂಡನಿಗೆ. ತಿಂಗಳಿಗೆ ಏಳುನೂರು ಪೌಂಡು, ಅವನ ಮಕ್ಕಳ ಶಾಲೆಗೆ. ರೋವೀನಾ ಬೇಜಾರು ಮಾಡಿಕೊಂಡವಳಲ್ಲ. ವರ್ಷಕ್ಕೊಂದು ನೋಟ್‌ಬುಕ್ ಇಟ್ಟು ಗ್ಯಾಸು, ಮನೆ ತೆರಿಗೆ, ಹೊಗೆ ಹಾಕಿದ ಹ್ಯಾಡಕ್ ಮೀನಿನ ಬಿಲ್ಲು ಎಲ್ಲವನ್ನೂ ಏರಿಸಿದಳು. ದಿನವೂ ಶಾಲೆ ಮುಗಿಸಿ ಅಪ್ಪನ ಮನೆಗೆ ಹೋಗಿ ಅಡುಗೆ, ಬಟ್ಟೆ, ಕೊನೆಕೊನೆಗೆ ಸ್ನಾನವನ್ನೂ ಮಾಡಿಸಿ ಬರುತ್ತಿದ್ದಳು. ಶುಕ್ರವಾರ ಅವನು ಅರವತ್ತು ಪೌಂಡಿನ ಲಕೋಟೆ ಕೊಡುತ್ತಿದ್ದ.

"ಏನಾದ್ರೂ ತಗೋ ಹೋಗೇ. ಸದಾ ಅದೇ ಹಾಳು ಕೋಟು!"

ಅದನ್ನು ಮಾತ್ರ ಅವಳು ಬರೆಯಲಿಲ್ಲ. "ಅಪ್ಪ ಪ್ರೀತಿಯಿಂದ ಕೈಗಿಟ್ಟಿದ್ದನ್ನ ಸರ್ಕಾರಕ್ಕೆ ಯಾಕೆ ಹೇಳ್ಲಿ?" ಎಂದಿದ್ದಳು ನನ್ನ ಹತ್ತಿರ.

ಹನ್ನೊಂದನೇ ಪುಸ್ತಕ ಮುಗಿಯುವ ಮೊದಲು ಕ್ಲಿಫರ್ಡ್ ತೀರಿಕೊಂಡ. ಉಯಿಲಿನಲ್ಲಿ ಮನೆ, ಬ್ಯಾಂಕಿನ ಹಣ ಎಲ್ಲ ಡೆಸ್ಮಂಡನಿಗೆ. ರೋವೀನಾಗೆ ಅಮ್ಮನ ಹೊಲಿಗೆ ಪೆಟ್ಟಿಗೆ, ಐದು ಸಾವಿರ ಪೌಂಡು. ಏನೋ ತಪ್ಪಾಗಿದೆ, ತಮ್ಮನೇ ಸರಿಮಾಡುತ್ತಾನೆ ಅಂದುಕೊಂಡಳು.

ಮೂರು ವಾರಕ್ಕೆ ಡೆಸ್ಮಂಡ್ ತೆರಿಗೆಯ ಫಾರಂ ಹಿಡಿದು ಬಂದ. ಆಗ ನಾನೂ ಅವಳ ಅಡುಗೆಮನೆಯಲ್ಲೇ ಕೂತಿದ್ದೆ.

"ನಿನ್ನ ಪುಸ್ತಕಗಳು ಬೇಕು, ರೋ. ಅವಿಲ್ದಿದ್ರೆ ಶಾಲೆ ದುಡ್ಡಿಗೂ ನೂರಕ್ಕೆ ನಲವತ್ತು ಕಿತ್ಕೊಳ್ತಾರೆ. ಅಪ್ಪಾನೂ ಒಂದು ಪಟ್ಟಿ ಬರ್ದಿಟ್ಟಿದಾನೆ, ಎರಡೂ ತಾಳೆ ಆಗ್ಬೇಕು, ನೋಡು."

ಅವಳು ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟು, ಕನ್ನಡಕ ಹಾಕಿಕೊಂಡು ಪಟ್ಟಿ ಓದಿದಳು. ಉಡುಗೊರೆ ಎಂಬ ತಲೆಬರಹದ ಕೆಳಗೆ ಡೆಸ್ಮಂಡ್, ಅವನ ಹೆಂಡತಿ, ಮಕ್ಕಳು. ಖರ್ಚಿನ ಕೆಳಗೆ ಗ್ಯಾಸು, ತೆರಿಗೆ, ತೋಟದವನು. ಬೆರಳು ಒಂದು ಕಡೆ ನಿಂತಿತು.

"'ಕೆಲಸದವಳು, ವಾರಕ್ಕೆ ಅರವತ್ತು.' ಯಾರಿವಳು, ಡೆಸ್? ಅಪ್ಪನ ಮನೇಲಿ ಕೆಲಸದವಳೇ ಇರ್ಲಿಲ್ವಲ್ಲ."

ಅವನು ಟೀ ಕದಡುತ್ತಲೇ ಇದ್ದ. ಕದಡುವುದಕ್ಕೆ ಲೋಟದಲ್ಲಿ ಏನೂ ಉಳಿದಿರಲಿಲ್ಲ.

"ವಕೀಲರು ಹಾಗೆ ಬರೀರಿ ಅಂದ್ರು. ನೀನು ಆಮೇಲೆ ಪಾಲು ಕೇಳಿದ್ರೆ... ಮಾಡಿದ ಕೆಲಸಕ್ಕೆ ಸಂಬಳ ಕೊಟ್ಟಾಗಿದೆ, ಬಾಕಿ ಏನಿಲ್ಲ ಅಂತ. ಒಂದು ಪತ್ರಾನೂ ಇದೆ."

"ನಿಂಗೆ ಗೊತ್ತಿತ್ತಾ?"

"ಟೈಪ್ ಮಾಡಿದ್ದು ನಾನೇ. ಅಪ್ಪ ಹೇಳ್ದ, ಮಾಡ್ದೆ."

"ಯಾವಾಗ?"

"ಆರು ವರ್ಷ ಆಯ್ತು."

ಆರು ವರ್ಷ. ಅದರಲ್ಲಿ ಅಪ್ಪನ ಸೊಂಟದ ಮೂಳೆ ಮುರಿದ ಚಳಿಗಾಲವಿತ್ತು. ಅವಳು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಎದ್ದಳು. "ಹೊರಡು" ಎಂದಳು. ಅಷ್ಟೇ.

ಒಂದು ವಾರ ಅವಳು ಬಾಗಿಲು ತೆಗೆಯಲಿಲ್ಲ. ಆಮೇಲೆ ನಾನೇ ಪಕ್ಕದ ಹಲ್ ಪಟ್ಟಣದ ಒಬ್ಬ ವಕೀಲೆಯ ಹತ್ತಿರ ಕರೆದುಕೊಂಡು ಹೋದೆ. ಡೆಸ್ಮಂಡ್ ಬಿಟ್ಟುಹೋಗಿದ್ದ ಪತ್ರದ ಪ್ರತಿಯನ್ನು ಆಕೆ ಎರಡು ಸಲ ಓದಿ ಕೇಳಿದಳು: "ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡ್ತಿದ್ರಿ?"

"ಇಪ್ಪತ್ತು. ಕಡಿಮೆ ಹೇಳ್ತಿದೀನಿ."

"ಆ ಮನೇಲೇ ವಾಸ ಇದ್ರಾ?"

"ಇಲ್ಲ. ನನ್ನ ಮನೇಲಿ."

"ಹಾಗಾದ್ರೆ ನಿಮ್ಮಪ್ಪ ಜಾಣತನ ಮಾಡೋಕೆ ಹೋಗಿ ಸಿಕ್ಕಿಬಿದ್ದಿದಾರೆ. ಸಂಬಳ ಅಂತ ಬರೆದ್ಮೇಲೆ ಕನಿಷ್ಠ ಸಂಬಳದ ಕಾನೂನೂ ಬರುತ್ತೆ. ಒಂದೇ ಮನೇಲಿ ಇದ್ದಿದ್ರೆ ಮನೆಯವರು ಅಂತ ಆ ಕಾನೂನು ಬಿಟ್ಬಿಡ್ತಿತ್ತು, ನಿಮಗೆ ಹಾಗಲ್ಲ. ಗಂಟೆಗೆ ಮೂರು ಪೌಂಡು ನಡೆಯಲ್ಲ. ಆರು ವರ್ಷದ ಬಾಕಿ ಕೇಳ್ಬಹುದು."

ನೋಟೀಸು ತಲುಪಿದ ದಿನವೇ ಡೆಸ್ಮಂಡ್ ಫೋನಿನಲ್ಲಿ ಕಿರುಚಿದ್ದು ನನ್ನ ಮನೆವರೆಗೂ ಕೇಳಿಸಿತು. "ಹೆತ್ತ ಅಪ್ಪನಿಗೆ ಮಾಡಿದ್ದಕ್ಕೆ ಕೂಲಿ ಕೇಳ್ತೀಯಾ? ನಾಚಿಕೆ ಆಗಲ್ವಾ?"

"ಆಗುತ್ತೆ," ಎಂದಳು ರೋವೀನಾ. "ಆದ್ರೆ ಕೂಲಿ ಅಂತ ಬರ್ದಿದ್ದು ನಾನಲ್ಲ."

ಪುಸ್ತಕಗಳು ಅವಳ ಹತ್ತಿರವೇ ಇದ್ದವು. ಅವಿಲ್ಲದೆ ಅವನ ಫಾರಂ ನಿಲ್ಲುವಂತಿರಲಿಲ್ಲ. ಕೊನೆಗೆ ಹತ್ತೊಂಬತ್ತು ಸಾವಿರ ಪೌಂಡಿಗೆ ಒಪ್ಪಿದ. ಅವಳು ಹನ್ನೊಂದನ್ನೂ ಕಟ್ಟಿ ಕಳಿಸಿದಳು. ಒಂದು ಹಾಳೆ ಹರಿಯಲಿಲ್ಲ, ಒಂದು ಅಂಕಿ ತಿದ್ದಲಿಲ್ಲ. ಡೆಸ್ಮಂಡನಿಗೆ ಶಾಲೆಯ ಹಣದ ತೆರಿಗೆ ಪೂರ್ತಿ ಉಳಿಯಿತು.

ದುಡ್ಡು ಬಂದ ದಿನ ನಾನು ಕೇಕು ತಗೊಂಡು ಹೋದೆ. "ಗೆದ್ದೆ ಬಿಡು" ಎಂದೆ.

"ಗೆಲ್ಲೋಕೆ ಏನು ಸಹಿ ಹಾಕ್ದೆ ಗೊತ್ತಾ?" ಎಂದಳು. "ನಾನು ಕ್ಲಿಫರ್ಡ್ ಸ್ಟಾಥರ್ಸ್ ಮನೆ ಕೆಲಸದವಳಾಗಿದ್ದೆ ಅಂತ. ಅಪ್ಪ ಬರ್ದಿದ್ದು ಸುಳ್ಳು ಅಂತ ಹೇಳಿದ್ರೆ ಕಾಸಿಲ್ಲ. ನಿಜ ಅಂದಿದ್ದಕ್ಕೆ ಇಷ್ಟು."

ಕೇಕನ್ನು ಅವಳೇ ಕತ್ತರಿಸಿ, ನನಗೆ ದೊಡ್ಡ ತುಂಡು ಹಾಕಿದಳು. ಅಪ್ಪನ ಸಮಾಧಿಗೆ ಕಲ್ಲು ನಿಲ್ಲಿಸುವ ದಿನಕ್ಕೆ ಡೆಸ್ಮಂಡನ ಹೆಂಡತಿ ಕಾರ್ಡು ಕಳಿಸಿ ಕರೆದಿದ್ದಳು. ರೋವೀನಾ ಆ ದಿನ ಶಾಲೆಗೆ ಹೋಗಿ ಇನ್ನೂರು ಮಕ್ಕಳಿಗೆ ಬಡಿಸಿ ಬಂದಳು.