ಮೂಗುಬೊಟ್ಟಿನ ಗ್ರೀಕ್ ದೇವಿ

ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಗೆ ನೀರು ಬಿದ್ದು ಅದು ಗಟ್ಟಿಯಾಗುವ ಹೊತ್ತಿಗೆ ಒಂದು ವಾಸನೆ ಏಳುತ್ತದೆ. ಸುಣ್ಣದ್ದಲ್ಲ, ಸಿಮೆಂಟಿನದೂ ಅಲ್ಲ. ಬಿಸಿಯಾದ ಹಸಿ ಗೋಡೆಯ ವಾಸನೆ. ಅದರಲ್ಲೇ ಅನ್ನ ತಿಂದವನಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಹೋದ ತಿಂಗಳು ವಡೋದರಾದ ಒಂದು ಕಲಾ ಕಾಲೇಜಿಗೆ ಫಾಲ್ಸ್ ಸೀಲಿಂಗ್ ಅಳತೆಗೆ ಹೋದಾಗ, ವರಾಂಡದಲ್ಲಿ ಯಾರೋ ಬಕೆಟ್ಟಿನಲ್ಲಿ ಪಿಒಪಿ ಕಲಸುತ್ತಿದ್ದರು. ಆ ವಾಸನೆಗೆ ಕಾಲು ಅಳತೆ ಮಾಡಬೇಕಿದ್ದ ಕೋಣೆಯ ಬಾಗಿಲಲ್ಲೇ ನಿಂತಿತು. ಇದೇ ಕೋಣೆ… ಇಲ್ಲೇ ಬಾಯಾರು ನಿಂತಿದ್ದರು.

ನಮ್ಮ ಗದಗದ ಕಡೆ ಶಾಲೆಯ ಟೀಚರಮ್ಮನನ್ನು ಬಾಯಾರು ಅನ್ನುತ್ತೇವೆ. ಅವರೇನು ನನಗೆ ಕಲಿಸಿದವರಲ್ಲ. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಸೂರತ್ತಿನ ಪಾಂಡೇಸರಾದಲ್ಲಿ ಬಣ್ಣದ ಮಿಲ್ಲಿನಲ್ಲಿ ದುಡಿದು, ಆಮೇಲೆ ವಡೋದರಾಕ್ಕೆ ಬಂದು ಪಿಒಪಿ ಕೆಲಸ ಹಿಡಿದೆ. ಯಾರ ಹಂಗೂ ಇಲ್ಲದೆ ಕಲಿತ ಕೆಲಸ. ಆಗ ಗುಜರಾತಿನಲ್ಲಿ ಆ ದೊಡ್ಡ ಭೂಕಂಪವಾಗಿ ಮೂರ್ನಾಲ್ಕು ವರ್ಷ ಕಳೆದಿತ್ತು. ಬಿರುಕು ಬಿಟ್ಟ ಸೂರು ಮುಚ್ಚಿಸುವವರಿಗೆ ಬರವಿರಲಿಲ್ಲ. ಒಂದು ಫ್ಲ್ಯಾಟಿನಲ್ಲಿ ಕೆಲಸ ಮಾಡುವಾಗ ಸೂರಿನಿಂದ ಪಿಒಪಿಯ ಹೆಂಟೆಯೊಂದು ಕಳಚಿ ಕಣ್ಣೊಳಗೇ ಬಿತ್ತು. ಬಾಯಿಗೆ ಬಂದಂತೆ ಬೈದೆ. ಎದುರು ಮನೆಯ ಬಾಗಿಲು ತೆರೆಯಿತು.

"ಇನ್ನೊಂದ್ ಸಲ ಬೈರಿ. ಕನ್ನಡದಲ್ಲಿ ಬೈಗುಳ ಕೇಳಿ ಎಷ್ಟು ಕಾಲ ಆಯ್ತು!"

ಮೈಸೂರಿನ ಮಾತು. ನರೆತ ತಲೆ, ಹತ್ತಿಯ ಸೀರೆ, ಕೈಯಲ್ಲಿ ಸೌಟು. ಇವರೇ ಬಾಯಾರು, ಈ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದರು. ಅವತ್ತು ಅನ್ನ ಸಾರು ಹಾಕಿ, ತಮ್ಮ ಚಿಂತೆಯನ್ನೂ ಬಡಿಸಿದರು.

ಕಾಲೇಜಿನ ಒಂದು ಕೋಣೆಯಲ್ಲಿ ಗ್ರೀಕ್, ರೋಮ್ ಮೂರ್ತಿಗಳ ಪ್ಲಾಸ್ಟರ್ ಪ್ರತಿಗಳಿದ್ದವು. ಚಿತ್ರ ಕಲಿಯುವವರು ನೋಡಿ ಬರೆಯಲಿ ಅಂತ ಯಾವುದೋ ಕಾಲದಲ್ಲಿ ಹಡಗಿನಲ್ಲಿ ತರಿಸಿದ್ದು. ಈಗ ಅವು ಹೆಲ್ಮೆಟ್ ನೇತುಹಾಕುವ ಗೂಟಗಳಾಗಿದ್ದವು. ಪ್ರಿನ್ಸಿಪಾಲರಿಗೆ ಆ ಕೋಣೆ ಕಂಪ್ಯೂಟರಿಗೆ ಬೇಕು, ಮೂರ್ತಿಗಳು ಗುಜರಿಗೆ. ಬಾಯಾರು ಹಟ ಹಿಡಿದು ಒಂದು ಅವಕಾಶ ಕೇಳಿದ್ದರು. ಆ ಹಳೆಯ ಗ್ರೀಸು, ರೋಮನ್ನು ಆಮೇಲಿನ ಜನ, ಬೇರೆ ದೇಶದ ಜನ ಹೇಗೆ ತಮ್ಮದು ಮಾಡಿಕೊಂಡರು ಅಂತ ಚರ್ಚಿಸುವ ಒಂದು ಕಾರ್ಯಾಗಾರ. ದಿಲ್ಲಿಯಿಂದ, ಹೊರದೇಶದಿಂದ ಪಂಡಿತರು ಬರುತ್ತಾರೆ. ಅವರು ಮೆಚ್ಚಿದರೆ ಮೂರ್ತಿಗಳು ಉಳಿದವು, ಇಲ್ಲವಾದರೆ ಹೋದವು.

"ತೊಳೆದು, ಅಲ್ಲಾಡೋ ಪೀಠಗಳನ್ನ ಗಟ್ಟಿ ಮಾಡಿಕೊಡಿ. ಅಷ್ಟೇ ಸಾಕು," ಅಂದರು.

ಅಷ್ಟನ್ನು ಮಾಡಿದೆ. ಮೂರ್ತಿಗಳು ಹಾಲಿನಂತೆ ಬಿಳುಪಾದವು. ಆದರೆ ನಡುವೆ ನಿಂತ ಒಬ್ಬ ದೇವಿಗೆ ಮೂಗಿರಲಿಲ್ಲ. ಮುಖ ಎಷ್ಟು ಚೆಂದ, ನಡುವೆ ಬರೀ ಕುಳಿ! ನಮ್ಮಲ್ಲಿ ಭಿನ್ನವಾದ ಮೂರ್ತಿಯನ್ನು ಯಾರೂ ಎದುರಿಗಿಡುವುದಿಲ್ಲ, ಹೊಳೆಗೆ ಬಿಡುತ್ತಾರೆ. ನಾಳೆ ಅಷ್ಟು ದೊಡ್ಡವರು ಬರುವಾಗ ಬಾಯಾರ ಮಾನ ಏನಾಗಬೇಕು? ಪಿಒಪಿ ಕಲಸಿದೆ. ನನ್ನ ಕೈಗೆ ಗೊತ್ತಿದ್ದದ್ದು ನಮ್ಮೂರ ಎಲ್ಲಮ್ಮನ ಮೂಗು. ನೀಳವಾಗಿ, ತುದಿಯಲ್ಲಿ ತುಸು ಬಾಗಿದ್ದು. ಅದನ್ನೇ ಕೊಟ್ಟೆ. ಕೂಡಿಸಿದ ಗೆರೆ ಹುಡುಕಿದರೂ ಸಿಗದಂತೆ ತಿಕ್ಕಿದೆ. ಇನ್ನೂ ಏನೋ ಕಡಿಮೆ ಅನ್ನಿಸಿತು. ಎಡಗಡೆ ಒಂದು ಪುಟ್ಟ ಮೂಗುಬೊಟ್ಟನ್ನೂ ಇಟ್ಟೆ…

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಿರುಚಿದವರು ಪ್ರಿನ್ಸಿಪಾಲರು. "ಅರೇ ಭಾಯ್, ಆ ಶುಂ ಕರ್ಯುಂ ತಮೇ?"

ಏನು ಮಾಡಿಟ್ಟೆಯೋ ಅಂತ. ದಿಲ್ಲಿಯ ಗಡ್ಡದ ಪಂಡಿತರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಒಂದಿಬ್ಬರು ಕಿಸಕ್ಕನೆ ನಕ್ಕರು. ನಾನು ತಲೆ ತಗ್ಗಿಸಲಿಲ್ಲ. ಕೆಲಸ ನೇರವಾಗಿತ್ತು.

ಬಾಯಾರು ಹತ್ತಿರ ಹೋದರು. ಮೂಗನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು. ಅವರ ಮುಖ ಬಿಳಿಚಿತ್ತು. ಆಮೇಲೆ ನನ್ನನ್ನು ಕಂಬದ ಹಿಂದಕ್ಕೆ ಕರೆದು ಮೆಲ್ಲಗೆ ಹೇಳಿದರು:

"ಮೂಲ ಕಲ್ಲಿನ ಮೂರ್ತಿಗೇ ಮೂಗಿಲ್ಲ ಕಣಪ್ಪ. ಅದು ಇರೋದೇ ಹಾಗೆ."

"ಮೂಗಿಲ್ಲದ ದೇವೀನ ಮಂದಿ ಮುಂದ ಹೆಂಗ ನಿಲ್ಲಿಸ್ತೀರ್ರೀ ಬಾಯಾರ? ಬ್ಯಾಡಂದ್ರ ಈಗ ತಗೀತೀನಿ."

"ತೆಗೀಬೇಡಿ. ಆದ್ರೆ ನೆನಪಿಟ್ಕೊಳ್ಳಿ, ಇನ್ನೊಬ್ಬರ ಕೈಕೆಲಸ ಮುಟ್ಟೋ ಮೊದಲು ಕೇಳ್ಬೇಕು."

ನನಗೆ ಚುರುಕ್ ಅಂದಿತು. ಅಷ್ಟರಲ್ಲಿ ಅವರು ವೇದಿಕೆ ಹತ್ತಿಯಾಗಿತ್ತು. ಓದಲು ಬರೆದುಕೊಂಡು ಬಂದಿದ್ದ ಕಾಗದಗಳನ್ನು ಮಡಚಿ ಬ್ಯಾಗಿಗೆ ಹಾಕಿದರು. ಮಾತಾಡಿದ್ದೆಲ್ಲ ಇಂಗ್ಲಿಷು, ನಡುನಡುವೆ ನನಗಾಗಿ ಹಿಂದಿಯಲ್ಲೂ ಹೇಳಿದರು. ರೋಮಿನಲ್ಲಿ ಹಿಂದೆ ಮಣ್ಣು ಅಗೆದಾಗ ಮುರಿದ ಮೂರ್ತಿ ಸಿಕ್ಕರೆ, ಅಲ್ಲಿನ ಶಿಲ್ಪಿಗಳು ಹೊಸ ಮೂಗು, ಹೊಸ ಕೈ ಕೂಡಿಸುತ್ತಿದ್ದರಂತೆ. ತಮ್ಮ ಕಾಲದ ಮೂಗು, ತಮ್ಮ ಊರಿನ ಕೈ. ಮುಂದಿನವರು ಬಂದು ಇದು ಸುಳ್ಳು ಅಂತ ಅದನ್ನು ಕಿತ್ತರಂತೆ. ಈಗ ಆ ಕಿತ್ತ ಮೂಗುಗಳನ್ನೂ ಒಂದು ಕಡೆ ಗಾಜಿನ ಕಪಾಟಿನಲ್ಲಿ ಜೋಪಾನ ಮಾಡಿದ್ದಾರಂತೆ! "ನಾವು ಮಾತಾಡೋಕೆ ಬಂದದ್ದು ಇದೇ ವಿಷಯ ಅಲ್ಲವೇ? ನಿನ್ನೆ ಸಂಜೆ ಈ ಕೋಣೆಯಲ್ಲೇ ಅದು ನಡೆದಿದೆ. ಮಾಡಿದವರೂ ಇಲ್ಲೇ ಇದ್ದಾರೆ, ಕೇಳಿ," ಅಂದು ನನ್ನನ್ನು ಮೇಲೆ ಕರೆದರು.

ಗಡ್ಡದವರು ಕೇಳಿದರು, ಈ ಬೊಟ್ಟು ಯಾಕೆ? "ಮೂಗು ಕೊಟ್ಟ ಮೇಲೆ ಬರಿದು ಬಿಡಬಾರದು, ಸಾಬ್," ಅಂದೆ. ಇಡೀ ಕೋಣೆ ನಕ್ಕಿತು. ಈ ಸಲದ ನಗು ಬೇರೆ ಇತ್ತು. ಮಧ್ಯಾಹ್ನ ಊಟ ತಣ್ಣಗಾದರೂ ಅವರ ಜಗಳ ಮುಗಿಯಲಿಲ್ಲ. ಮೂಗು ಇರಲಿ ಅನ್ನುವವರು ಒಂದು ಕಡೆ, ತೆಗೆಯಿರಿ ಅನ್ನುವವರು ಇನ್ನೊಂದು ಕಡೆ. ಮರುದಿನ ಪೇಪರಿನಲ್ಲಿ ದೇವಿಯ ಫೋಟೊ ಬಂತು. ಪಕ್ಕದಲ್ಲಿ ಪ್ರಿನ್ಸಿಪಾಲರು! ಕಂಪ್ಯೂಟರುಗಳು ಬೇರೆ ಕೋಣೆಗೆ ಹೋದವು.

ಮುಂದೆ ಅಹಮದಾಬಾದಿನಲ್ಲಿ, ಸೂರತ್ತಿನಲ್ಲಿ ಅಂಥ ಕಾರ್ಯಾಗಾರ ನಡೆದಾಗ ದೇವಿಯನ್ನು ಗೋಣಿ, ಹುಲ್ಲು ಸುತ್ತಿ ಟೆಂಪೊದಲ್ಲಿ ಒಯ್ದವನು ನಾನೇ. ಬಾಯಾರು ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಕಥೆ ಹೇಳುತ್ತಿದ್ದರು. ನನ್ನ ಖಾರದ ಬುತ್ತಿ ತಿಂದು, ಕಣ್ಣೀರು ಒರೆಸಿಕೊಂಡು, ಇನ್ನಷ್ಟು ಕೇಳುತ್ತಿದ್ದರು. ನನ್ನ ಒಂದು ತಪ್ಪಿಗೆ ತಮ್ಮ ಎಷ್ಟೋ ದಿನಗಳ ಬರಹ ಮಡಚಿಟ್ಟ ಹೆಂಗಸು. ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಓದಿದವರನ್ನು ಬಹಳ ನೋಡಿದ್ದೇನೆ. ಅಷ್ಟು ದೊಡ್ಡ ಓದನ್ನು ಅಷ್ಟು ಹಗುರವಾಗಿ ಹೊತ್ತವರನ್ನು ಮತ್ತೆ ಕಾಣಲಿಲ್ಲ. ಕೆಲಸದಿಂದ ನಿವೃತ್ತರಾಗಿ ಮೈಸೂರಿಗೆ ಹೋದರು. ಹೋಗಿಬಂದು ಮಾಡಬೇಕಿತ್ತು… ಅವರು ತೀರಿಕೊಂಡ ಸುದ್ದಿ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಹೋದ ತಿಂಗಳು ನೋಡಿದರೆ ಕೋಣೆ ಖಾಲಿ. ಎಲ್ಲ ಗುಜರಿಗೆ ಹೋಗಿ ಬಹಳ ದಿನವಾಯಿತಂತೆ. ಆದರೆ ಮೂಲೆಯಲ್ಲಿ ಒಬ್ಬಳು ನಿಂತಿದ್ದಳು. ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವು, ಕಾಲ ಬಳಿ ಅರ್ಧ ತೆಂಗಿನಕಾಯಿ. ಮೂಗುಬೊಟ್ಟು ಹಾಗೇ ಇತ್ತು.

"ಇದನ್ನ್ಯಾಕೆ ಬಿಟ್ಟರು?" ಅಂತ ವಾಚ್‌ಮನ್‌ನನ್ನು ಕೇಳಿದೆ.

ಅವನು ನನ್ನನ್ನು ಹುಚ್ಚನಂತೆ ನೋಡಿದ. "ಮಾತಾಜಿ ಛೇ, ಭಾಯ್! ದೇವಿ ಇದು, ಯಾರು ಎತ್ತುತ್ತಾರೆ?"

ಇದನ್ನು ಬಾಯಾರಿಗೆ ಹೇಳಬೇಕಿತ್ತು. ಎಷ್ಟು ನಗುತ್ತಿದ್ದರೋ… ಕಣ್ಣೊರೆಸಿಕೊಂಡು, ಇದಕ್ಕೊಂದು ಕಾರ್ಯಾಗಾರ ಮಾಡೋಣ ಅನ್ನುತ್ತಿದ್ದರು.

ದೇವಿಯ ಗಲ್ಲದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ವರಾಂಡದಲ್ಲಿ ಕಲಸಿದ ಪಿಒಪಿ ಇನ್ನೂ ಹಸಿಯಾಗಿತ್ತು. ಒಂದು ಬೆರಳಿನ ಕೆಲಸ. ಕೈ ಚಾಚಿದೆ. ಮುಟ್ಟುವ ಮೊದಲು ಕೇಳಬೇಕು ಅಂದಿದ್ದರು. ಹಿಂದೆ ತಿರುಗಿ ನೋಡಿದೆ. ಕೇಳಲು ಅವರಿರಲಿಲ್ಲ.

ಕೈ ಹಿಂದಕ್ಕೆ ತೆಗೆದು, ಟೇಪು ಬಿಚ್ಚಿ, ಸೂರಿನ ಅಳತೆ ಹಿಡಿದುಕೊಂಡು ಬಂದೆ.