ಇಬ್ಬರು ಸದಾಶಿವರು ಮತ್ತು ಗಿರಿಜಾ ಮೇಡಂ

ಎದುರಿಗೆ ಎರಡು ಅರ್ಧ ತುಂಬಿದ ನೀರಿನ ಬಾಟಲಿಗಳಿದ್ದರೆ ಗಿರಿಜಾ ಮೇಡಂ ಒಂದನ್ನು ಇನ್ನೊಂದಕ್ಕೆ ಸುರಿಯದೆ ಬಿಡುತ್ತಿರಲಿಲ್ಲ. ಊಟದ ಹೊತ್ತಿಗೆ ಇಬ್ಬರ ಡಬ್ಬಿಯಲ್ಲಿ ಉಪ್ಪಿಟ್ಟು ಕಂಡರೆ ಮುಗಿಯಿತು, ಎರಡೂ ಒಂದೇ ತಟ್ಟೆಗೆ. ನನ್ನ ತಾಯಿ ಮಾಡಿದ ಉಪ್ಪಿಟ್ಟು ಹಾಗೆ ಪರರ ಪಾಲಾದದ್ದು ನೆನೆದರೆ ನನಗೆ ಈಗಲೂ ಸಂಕಟ.

ಪವಾಯಿಯ ನಮ್ಮ ಆಫೀಸಿನಲ್ಲಿ ಅವರ ಕೆಲಸವೂ ಅದೇ. ಸಣ್ಣಪುಟ್ಟ ದವಾಖಾನೆಗಳಿಂದ ಬರುವ ರೋಗಿಗಳ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಒಂದೇ ಅಚ್ಚಿಗೆ ತರುವುದು. ಒಬ್ಬ ಡಾಕ್ಟರು ‘ಶುಗರ್’ ಎಂದು ಬರೆದರೆ ಇನ್ನೊಬ್ಬರು ‘ಮಧುಮೇಹ’. ಮೇಡಂ ಎಲ್ಲಕ್ಕೂ ಒಂದೇ ಹೆಸರಿಡುತ್ತಿದ್ದರು. ರೋಗಿಯ ಹೆಸರು, ಫೋನ್ ನಂಬರು ಒಂದೇ ಇದ್ದರೆ ಮನುಷ್ಯನೂ ಒಬ್ಬನೇ ಎಂಬ ನಿಯಮವೂ ಅವರದೇ. "ಒಬ್ಬಂವಗ ಒಂದ ಸಾಲು, ಅಷ್ಟ," ಎಂದು ಧಾರವಾಡದ ಧಾಟಿಯಲ್ಲಿ ಹೇಳುತ್ತಿದ್ದರು.

ಒಂದು ದಿನ ಕ್ಷಯರೋಗಿಗಳ ವರದಿ ಕಳಿಸುವ ಮೊದಲು, ಸಯನ್ನಿನ ಹೋಟೆಲೊಂದರ ಸದಾಶಿವ ಪೂಜಾರಿಯ ತೂಕ ನೋಡಿ ನಕ್ಕರು. ಒಂದು ವಾರ ಕಡ್ಡಿಯಂತಿದ್ದವನು ಮರುವಾರ ಗುಂಡಗಾಗಿದ್ದ. ನಗು ಅಲ್ಲೇ ನಿಂತಿತು. ಮೊದಲ ಪರೀಕ್ಷೆಯಲ್ಲಿ ಕ್ಷಯವಿತ್ತು, ಎರಡನೆಯದರಲ್ಲಿ ಇರಲಿಲ್ಲ. ಕೊನೆಯದನ್ನೇ ನಂಬಿದ ಕಂಪ್ಯೂಟರ್, ಔಷಧಿಗೆ ಕರೆಯಬೇಕಾದವರ ಪಟ್ಟಿಯಿಂದ ಅವನನ್ನು ಕೈಬಿಟ್ಟಿತ್ತು.

ಮೇಡಂ ನನ್ನನ್ನೂ ಎಬ್ಬಿಸಿಕೊಂಡು ಕಾಂಜೂರ್‌ಮಾರ್ಗದಲ್ಲಿ ಲೋಕಲ್ ರೈಲು ಹಿಡಿದರು. ಹೋಟೆಲಿನಲ್ಲಿ ಇಬ್ಬರು ಸದಾಶಿವ ಪೂಜಾರಿಗಳಿದ್ದರು. ಇಬ್ಬರೂ ಉಡುಪಿ ಕಡೆಯವರು, ಇಬ್ಬರೂ ಬರೆಸಿದ್ದು ಮ್ಯಾನೇಜರನ ನಂಬರು. ಒಬ್ಬ ದೋಸೆ ಹುಯ್ಯುತ್ತಿದ್ದ. ಇನ್ನೊಬ್ಬ ಹಿಂದೆ ಕಪ್ಪು-ಬಸಿ ತೊಳೆಯುತ್ತಾ ಕೆಮ್ಮುತ್ತಿದ್ದ.

"ಫೋನ್ ಬರ್ಲಿಲ್ಲ ಮೇಡಂ, ಹಾಗೆ ಏನೂ ಇಲ್ಲ ಅಂತ ಎಣಿಸಿದ್ದು," ಎಂದ ಕೆಮ್ಮುತ್ತಿದ್ದವನು.

ಮೇಡಂ ಮುಖ ಸಪ್ಪೆಯಾಯಿತು. ಆ ಮಧ್ಯಾಹ್ನವೇ ಅವನನ್ನು ದವಾಖಾನೆಗೆ ಕರೆದೊಯ್ದು ಔಷಧಿ ಶುರು ಮಾಡಿಸಿದರು.

ವರದಿ ತಡವಾಯಿತು. ತಾವೇ ಮಾಡಿದ ನಿಯಮವನ್ನು ಮುರಿದು, ಅನುಮಾನ ಬಂದ ಪ್ರತಿ ಹೆಸರಿಗೂ ನಮ್ಮಿಂದ ಫೋನ್ ಮಾಡಿಸಿದರು. ನಮ್ಮ ಆಫೀಸಿನ ಸಾಹೇಬರು ಕೂಗಾಡಿದಾಗ ತಣ್ಣಗೆ ಹೇಳಿದ್ದಿಷ್ಟು: "ತಪ್ಪು ನಂದರೀ. ಆದರ ಇನ್ನ ಮ್ಯಾಲೆ ಕೇಳದ ಯಾರನ್ನೂ ಕೂಡಸಂಗಿಲ್ಲ." ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅಂದೇ.

ಮುಂದೆ ಅವರಿಗೆ ನಾಸಿಕದಲ್ಲಿ ಇಂಥದೇ ಕೆಲಸ ಸಿಕ್ಕಿತು. ಮುಲುಂಡಿನ ಮನೆ ಖಾಲಿ ಮಾಡುವ ದಿನ ಸಾಮಾನು ಹೊರಲು ಸದಾಶಿವರಿಬ್ಬರೂ ಬಂದಿದ್ದರು. ಬಾಗಿಲಲ್ಲಿ ನಿಂತವರನ್ನು ಮೇಡಂ ನೋಡಿದರು, ಮತ್ತೆ ನೋಡಿದರು. ಇಬ್ಬರಿಗೂ ದುಂಡು ಕೆನ್ನೆ, ಇಬ್ಬರಿಗೂ ಸಣ್ಣ ಹೊಟ್ಟೆ.

"ಔಷಧಿ ತಗೊಂಡಾಂವ ಯಾರಪಾ ನಿಮ್ಮಾಗ?" ಎಂದು ಕೇಳಿದರು.

ಇಬ್ಬರೂ ನಕ್ಕರು. ಬಲಗಡೆಯವನು ಕಬ್ಬಿಣದ ಟ್ರಂಕನ್ನು ಒಬ್ಬನೇ ಹೆಗಲಿಗೇರಿಸಿ, "ನಾನು ಮೇಡಂ," ಎಂದು ಮೆಟ್ಟಿಲಿಳಿದ.